ಭಾವನವರ ಬ್ಲೂಸಿಗೆ ಸಿಕ್ಕ ಮಾತು

ತಾವು ನುಡಿಸುವ ಹಾಡು ಏನು ಹೇಳುತ್ತದೆಂದು ತಿಳಿಯದೆಯೇ ಮೂರು ತಾಲೂಕಿನ ಮದುಮಗಂದಿರನ್ನು ಮದುವೆಯ ಹಂದರಕ್ಕೆ ತಲುಪಿಸಿದ ಮಹಾನುಭಾವರು ಜಗತ್ತಿನಲ್ಲಿ ಒಬ್ಬರೇ ಇರಬೇಕು. ಅವರು ನನ್ನ ಅಕ್ಕನಿಗೇ ಗಂಡನಾಗಬೇಕೆ? ಆದರು!

ಭಾವನವರು ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿದ್ದರು. ಪಾಳಿ ಮುಗಿದರೆ ಮದುವೆಯ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದರು. ಜೋಯಿಡಾದ ಕೊಂಕಣಿ ಬ್ಯಾಂಡ್ ಮಾಸ್ತರರೊಬ್ಬರು ಹಳೆಯ ಗ್ರಾಮಫೋನ್ ತಟ್ಟೆ ಕೇಳಿಸಿ ಅವರಿಗೊಂದು ಧಾಟಿ ಕಲಿಸಿದ್ದರು. ಅಮೆರಿಕದ ದೊಡ್ಡ ಬ್ಯಾಂಡುಗಳು ಒಂದು ಕಾಲದಲ್ಲಿ ನುಡಿಸುತ್ತಿದ್ದ, ಬ್ಲೂಸ್ ಎಂಬ ಜಾತಿಯ ಹಾಡಂತೆ. ಧಾಟಿ ಕಲಿಸಿದರು, ಮಾತು ಕಲಿಸಲಿಲ್ಲ. ಟ್ರಂಪೆಟ್ಟಿಗೇಕೆ ಮಾತು?

ಚಿಗಳ್ಳಿಯಲ್ಲಿ ನನ್ನ ಮದುವೆ. ಆಗಷ್ಟೇ ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರನಾಗಿದ್ದೆ. ಉರಿಬಿಸಿಲು, ನಾನು ಕುದುರೆಯ ಮೇಲೆ. ಆರತಿ ಹಿಡಿದು ನಿಂತವರನ್ನು ಕೈಸನ್ನೆಯಿಂದ ತಡೆದು ಈ ಮಹಾಶಯರು ಅದೇ ಧಾಟಿಯನ್ನು ಮೂರು ಬಾರಿ ಊದಿದರು. ಬಾಸಿಂಗ ಜಾರಿ ನನ್ನ ಮೂಗಿಗೆ ಬಂತು.

"ಇಳಸ್ರಿ ನನ್ನ!" ಎಂದೆ.

"ತಡೀರಿ ಮಾಸ್ತರ, ಹಾಡ ಅರ್ಧಕ್ಕ ಬಿಟ್ರ ಪಾಪ ಬರ್ತೈತಿ."

ಭಾವಮೈದುನನನ್ನು ಬಿಸಿಲಿಗೆ ಒಣಹಾಕಿದರೆ ಪುಣ್ಯ ಬರುತ್ತದೆಯೆ? ಇದನ್ನು ನಾನು ಮರೆತಿಲ್ಲ. ಮರೆಯುವ ಉದ್ದೇಶವೂ ಇಲ್ಲ.

ಕಳೆದ ವರ್ಷ ಅಕ್ಕ ಹಾಸಿಗೆ ಹಿಡಿದಳು. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಡಾಕ್ಟರು ಕಳಿಸಿಬಿಟ್ಟರು. ಒಂದು ಮುಂಜಾನೆ ಅವಳು ಗಂಡನನ್ನು ಕೇಳಿದಳು: "ಜೀವಮಾನ ಪೂರ್ತಿ ನಿಮ್ಮ ಆ ಹಾಡ ಕೇಳೇನ್ರಿ. ಏನಂತೈತಿ ಅದು?"

ಭಾವನವರು ಟ್ರಂಪೆಟ್ ಎತ್ತಿಕೊಂಡು ನನ್ನನ್ನು ಅಂಗಳಕ್ಕೆ ಕರೆದರು. ಹೆಂಡತಿ ಬೇರೇನನ್ನೂ ಕೇಳಿರಲಿಲ್ಲ; ಉಳಿದ ದಿನಗಳೋ ಬೆರಳೆಣಿಕೆಯವು. ಹಾಡಿನ ಹೆಸರು ಕೂಡ ಇವರಿಗೆ ಗೊತ್ತಿಲ್ಲ! ಧಾಟಿ ಕೇಳಿಸಿದರೆ ಫೋನೇ ಹಾಡನ್ನು ಗುರುತಿಸುತ್ತದೆಂದು ಯಾರೋ ಹೇಳಿದ್ದರಿಂದ, ನನ್ನನ್ನೂ ಎಳೆದುಕೊಂಡು ಹಳಿಯಾಳದ ಮೊಬೈಲ್ ಅಂಗಡಿಗೆ ಹೋದರು. ಟ್ರಂಪೆಟ್ಟಿನ ಬಾಯನ್ನು ಫೋನಿಗೇ ಹಚ್ಚಿ ಊದಿದರು. ಬಸ್‌ಸ್ಟ್ಯಾಂಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಕಾಕಾ, ದೂರ ನಿಂತ ಊದ್ರಿ, ಅದರ ಕಿವಿ ಹರದಾವು!" ಎಂದ ಅಂಗಡಿಯವನು.

"ಅದು ಏನಂತೈತಿ ಅಷ್ಟ ಹೇಳಪಾ."

"ತಿಳೀಲಿಲ್ಲ, ಮತ್ತ ಊದ್ರಿ ಅಂತೈತಿ."

ಆರು ಬಾರಿ ಊದಿದರು. ಆರನೆಯ ಸಲ ಅದು ಸೋಪಿನ ಜಾಹೀರಾತು ತೋರಿಸಿತು. ಅಂಗಡಿಯವನು ನನ್ನತ್ತ ತಿರುಗಿ, "ಮಾಸ್ತರ, ಮೂವತ್ತ ವರ್ಷ ಇಂಗ್ಲಿಷ್ ಕಲಿಸಿದ್ರಿ, ನಿಮಗೂ ಗೊತ್ತಿಲ್ಲೇನ್ರಿ?" ಎಂದ. ಆ ಮಾತೂ ನನ್ನ ನೆನಪಿನಲ್ಲಿ ಭದ್ರವಾಗಿದೆ.

ಕೊನೆಗೆ ಜೋಯಿಡಾಕ್ಕೇ ಹೋದೆವು. ಬ್ಯಾಂಡ್ ಮಾಸ್ತರರು ತೀರಿಕೊಂಡು ಬಹಳ ಕಾಲವಾಗಿತ್ತು. ಅವರ ಮಗಳು ಟ್ರಂಕಿನ ತಳದಿಂದ ಆ ತಟ್ಟೆಯನ್ನು ತೆಗೆದುಕೊಟ್ಟರು. ತಟ್ಟೆಯ ಲಕೋಟೆಯ ಹಿಂಬದಿಯಲ್ಲಿ ಇಡೀ ಹಾಡು ಅಚ್ಚಾಗಿತ್ತು! ಒಂದು ಅಲ್ಪವಿರಾಮವನ್ನೂ ಬಿಡದೆ ನಾನು ಬರೆದುಕೊಂಡೆ.

ದಾಂಡೇಲಿ ಪಕ್ಕದ ಕೋಗಿಲಬನದಲ್ಲಿ ಭಾವನವರ ಮನೆಗೆ ಮರಳಿ, ಅಕ್ಕನ ಹಾಸಿಗೆಯ ಪಕ್ಕ ಕುಳಿತು ಸಾಲುಸಾಲಾಗಿ ಅರ್ಥ ಹೇಳಿದೆ. ಹೆಂಡತಿಯನ್ನು ಕಳೆದುಕೊಂಡವನೊಬ್ಬನ ಹಾಡು. ಅವಳಿಲ್ಲದ ಮನೆಯಲ್ಲಿ ಯಾರಿಗಾಗಿ ಎದ್ದು ಒಲೆ ಹಚ್ಚಲಿ ಎಂದು ಅವನು ಕೇಳುತ್ತಾನೆ.

ಭಾವನವರ ಮುಖ ಬಿಳಿಚಿತು. ಅಕ್ಕ ಮಾತ್ರ ಕೆಮ್ಮು ಬರುವವರೆಗೂ ನಕ್ಕಳು.

"ಅಯ್ಯ ಶಿವನ! ಎಷ್ಟ್ ಮಂದಿ ಮದ್ವಿಯಾಗ ಊದೀರಿ ಇದನ್ನ!"

"ಮಂದಿ ಕುಣದಾರಲ್ಲ!" ಎಂದರು ಭಾವನವರು, ಅಳುವ ದನಿಯಲ್ಲಿ.

"ಇರ್ಲಿ ಬಿಡ್ರಿ. ನನ್ನ ಕಳಸುವಾಗ ಊದ್ರಿ. ಇಡೀ ಹಾಡ."

ಆ ತಿಂಗಳು ಮುಗಿಯುವುದರೊಳಗೆ ಅಕ್ಕ ಹೋದಳು. ತೀರಿಕೊಂಡವರನ್ನು ಕುಳ್ಳಿರಿಸಿ, ಭಜನೆ ಬಾಜಾಗಳೊಂದಿಗೆ ಕಳಿಸುವುದು ನಮ್ಮಲ್ಲಿನ ರೂಢಿ. ಬ್ಯಾಂಡಿನವರು ಬಂದು ಕಾಯುತ್ತಿದ್ದರು. ಭಾವನವರು ಟ್ರಂಪೆಟ್ಟನ್ನು ತುಟಿಗಿಟ್ಟರು. ಉಸಿರು ಹೊರಡಲಿಲ್ಲ. ಮತ್ತೊಮ್ಮೆ ಇಟ್ಟರು. ಇಲ್ಲ.

"ಮಾಸ್ತರ," ಎಂದರು, "ನೀವ ಓದ್ರಿ."

ನನಗೆ ಹಾಡಲು ಬರುವುದಿಲ್ಲ. ಜೇಬಿನಿಂದ ಹಾಳೆ ತೆಗೆದು, ತರಗತಿಯಲ್ಲಿ ಪದ್ಯ ಓದುವ ದನಿಯಲ್ಲಿ ಇಂಗ್ಲಿಷಿನಲ್ಲೇ ಓದುತ್ತ ನಡೆದೆ. ಊರವರಿಗೆ ಒಂದಕ್ಷರವೂ ತಿಳಿಯಲಿಲ್ಲ, ಯಾರೂ ನಗಲಿಲ್ಲ. ನನ್ನ ಪಕ್ಕದಲ್ಲಿ ಭಾವನವರು ಟ್ರಂಪೆಟ್ಟನ್ನು ಎದೆಗವಚಿಕೊಂಡು ನಡೆಯುತ್ತಿದ್ದರು. ಅವರ ಮೂರು ಬೆರಳುಗಳು ನನ್ನ ಒಂದೊಂದು ಸಾಲಿಗೂ ಅದರ ಗುಂಡಿಗಳನ್ನು ಸದ್ದಿಲ್ಲದೆ ಒತ್ತುತ್ತಿದ್ದವು.

ಹಾಳೆ ಮುಗಿಯಿತು. ಬೆರಳುಗಳು ನಿಲ್ಲಲಿಲ್ಲ. ನಾನು ಮತ್ತೆ ಮೊದಲ ಸಾಲಿನಿಂದ ಓದತೊಡಗಿದೆ.