ಮೂವತ್ತೆಂಟರ ಅಜ್ಜ

ನಮ್ಮ ಕಾಕಾ ಹುಡುಗತನದಿಂದ ನೇರವಾಗಿ ಮುದಿತನಕ್ಕೆ ಜಿಗಿದವನು. ನಡುವೆ ಯೌವನ ಅನ್ನುವುದೊಂದು ಇರುತ್ತದೆಂದು ಅವನ ತಲೆಗೆ ಯಾರೂ ತಿಳಿಸಿರಲಿಲ್ಲ! ಬ್ಯಾಡಗಿಯ ತುಂಬ ಕೆಂಪು ಮೆಣಸಿನಕಾಯಿ, ಅದರ ನಡುವೆ ಒಡೆದ ಹತ್ತಿಕಾಯಿಯಂತೆ ಬೆಳ್ಳಗಿನ ಇವನ ತಲೆ. ಬೇರೆಯವರಾಗಿದ್ದರೆ ಬಣ್ಣ ಹಚ್ಚುತ್ತಿದ್ದರು. ಕಾಕಾ ಅದನ್ನೇ ಬಂಡವಾಳ ಮಾಡಿಕೊಂಡ. ಹಾವೇರಿ ಬಸ್ಸಿನಲ್ಲಿ ಎಷ್ಟೇ ಗದ್ದಲವಿರಲಿ, "ಅಜ್ಜಾರ, ಕುಂದ್ರಿ" ಎಂದು ಯಾರಾದರೂ ಏಳುತ್ತಿದ್ದರು. ಎದ್ದವರೇ ಇವನಿಗಿಂತ ಹಿರಿಯರು! ಇವನೋ, ಸೊಂಟ ಹಿಡಿದು "ಯಪ್ಪಾ" ಎನ್ನುತ್ತ ಕೂತೇಬಿಡುತ್ತಿದ್ದ.

ಕನ್ಯಾ ನೋಡಲು ಕದರಮಂಡಲಗಿಗೆ ಹೋದಾಗ ಹೆಣ್ಣಿನ ತಂದೆ ಇವನ ಕಾಲಿಗೆ ಬಿದ್ದು, "ವರ ಎಲ್ಲಿ ಅದಾನ್ರಿ ಹಿರಿಯರ?" ಎಂದರಂತೆ. ಕಾಕಾ ಮೊದಲು ಆಶೀರ್ವಾದ ಮಾಡಿ, ಆಮೇಲೆ "ನಾನ ಅದೀನ್ರಿ" ಎಂದನಂತೆ. ಬಾಗಿಲ ಹಿಂದೆ ಕಿಸಕ್ಕನೆ ನಕ್ಕ ಹುಡುಗಿಯೇ ಈಗಿನ ನಮ್ಮ ಕಾಕಿ.

ನಾನು ನಮ್ಮ ಮನೆತನದ ಮೊದಲ ಬಿ.ಎ. ಮೆಣಸಿನಕಾಯಿ ತೊಟ್ಟು ಬಿಡಿಸುತ್ತಲೇ ಓದಿ ಪಾಸಾದವಳು. ಹಾಗಾಗಿ ಪೇಪರು ಓದಿ ಮನೆಮಂದಿಗೆ ಬುದ್ಧಿ ಹೇಳುವುದು ನನ್ನ ಹಕ್ಕು! ಒಂದು ಬೆಳಿಗ್ಗೆ ಓದಿದೆ: ಸಣ್ಣ ವಯಸ್ಸಿಗೇ ಕೂದಲು ನೆರೆತರೆ ಅದು ಹೃದಯರೋಗದ ಸೂಚನೆ ಇರಬಹುದು. ಪೇಪರು ಹಿಡಿದೇ ಕಾಕಾನ ಹತ್ತಿರ ಓಡಿದೆ.

"ಕಾಕಾ, ಡಾಕ್ಟರಿಗೆ ತೋರಿಸ್ಕೊಂಡು ಬರೂಣು ನಡಿ."

ಕಾಕಾ ಬೀಡಿ ಹೊಗೆ ಬಿಟ್ಟ. "ಕುರಿ ಹುಟ್ಟಿದಾಗಿಂದನ ಬೆಳ್ಳಗ ಇರ್ತಾವವಾ. ಎಲ್ಲಾಕ್ಕೂ ಹಾರ್ಟ್ ಅಟ್ಯಾಕ್ ಆತೇನು?"

ಮಳೆಗಾಲ ಪೂರ್ತಿ ಕಾಡಿದೆ. ಜಪ್ಪಯ್ಯ ಅನ್ನಲಿಲ್ಲ.

ಆಮೇಲೊಂದು ದಿನ ನನಗೆ ಹೆರಳು ಹಾಕುತ್ತಿದ್ದ ಕಾಕಿ, "ಅಯ್ಯ, ಈಕಿಗೂ ಬೆಳ್ಳಗಾಗಾಕತ್ತೈತಿ!" ಎಂದಳು. ಕಾಕಾ ಬಂದು ಬಗ್ಗಿ ನೋಡಿದ. ಬೀಡಿ ಆರಿಸಿದ.

"ಚಪ್ಪಲಿ ಹಾಕ್ಕೋ. ರಾಣೆಬೆನ್ನೂರಿಗೆ ಹೋಗೂಣು."

ದವಾಖಾನೆಯಲ್ಲಿ, "ಈಕಿ ಎದಿ ನೋಡ್ರಿ, ಲಗೂ" ಎಂದ. ನಾನೂ ಅದೇ ಮನೆಯವಳಲ್ಲವೇ? "ಮೊದಲ ಕಾಕಾಂದು ನೋಡ್ರಿ. ಇಲ್ಲಂದ್ರ ನಾ ತೋರಸಂಗಿಲ್ಲ" ಎಂದು ಕೈಕಟ್ಟಿ ಕುಳಿತೆ. ಕಾಕಾ ನನ್ನನ್ನು ದುರುಗುಟ್ಟಿ ನೋಡುತ್ತಲೇ ಅಂಗಿ ಗುಂಡಿ ಬಿಚ್ಚಿದ.

ಡಾಕ್ಟರು ಇಬ್ಬರನ್ನೂ ನೋಡಿದರು. "ಬರೇ ಕೂದಲಾ ನೋಡಿ ಏನೂ ಹೇಳಾಕ ಆಗಂಗಿಲ್ಲ. ಹುಡುಗಿ ಆರಾಮ ಅದಾಳ. ನಿಮಗ ಬಿ.ಪಿ. ಭಾಳ ಐತಿ. ಗುಳಿಗಿ ತಗೋರಿ, ಬೀಡಿ ಬಿಡ್ರಿ." ಕಾಕಾನಿಗೆ ಕೇಳಿಸಿದ್ದು "ಹುಡುಗಿ ಆರಾಮ" ಎಂಬುದಷ್ಟೇ. ಗುಳಿಗೆ ಚೀಟಿ ನಾನೇ ಇಸಿದುಕೊಂಡೆ.

ಮರಳುವಾಗ ಬಸ್ಸು ಕಿಕ್ಕಿರಿದಿತ್ತು. ಎಂದಿನಂತೆ ಯಾರೋ ಎದ್ದು "ಅಜ್ಜಾರ" ಎಂದು ಜಾಗ ಬಿಟ್ಟರು. ಕಾಕಾ ನನ್ನನ್ನು ಕೂರಿಸಿದ. ಪಕ್ಕದ ಹೆಂಗಸು ಸಿಡಿದಳು: "ಏನ್ ಹುಡುಗಿಯವಾ! ಮುದುಕರು ನಿಂತಾರ, ನೀ ಕುಂತೀಯಲ್ಲ!"

"ಯಾರ್ರಿ ಮುದುಕ?" ಕಾಕಾ ಇಡೀ ಬಸ್ಸಿಗೆ ಕೇಳುವಂತೆ ಗುಡುಗಿದ. "ನನಗ ಬರೇ ಮೂವತ್ತೆಂಟು! ಇನ್ನೂ ಭಾಳ ವರ್ಷ ನಿಂದ್ರಾಂವ ಅದೀನಿ."

ಬ್ಯಾಡಗಿ ಬರುವವರೆಗೂ ನಿಂತೇ ಇದ್ದ. ಅವನ ಒಂದು ಕೈ ಮಾತ್ರ ನನ್ನ ತಲೆಯ ಮೇಲಿತ್ತು, ಸರಿಯಾಗಿ ಆ ಬಿಳಿ ಕೂದಲ ಮೇಲೆ.