ನನ್ನ ಜೀಪನ್ನು ನಾನೇ ಹಳಿದದ್ದು

ನಮ್ಮ ಕಡೆಯವರಿಗೆ ತಮ್ಮದನ್ನು ತಾವು ಹೊಗಳಿಕೊಳ್ಳಲು ಬರುವುದಿಲ್ಲ. ಮಗಳು ತರಗತಿಗೇ ಮೊದಲಿಗಳಾದರೆ "ಈ ಸಲ ಪೇಪರ್ ಸುಲಭ ಇತ್ತಂತೆ" ಎನ್ನುತ್ತೇವೆ. ಹೊರಗಿನವರು ಇದನ್ನು ವಿನಯ ಎಂದುಕೊಳ್ಳುತ್ತಾರೆ. ವಿನಯವಲ್ಲ, ಹೆದರಿಕೆ. ಚೆಂದ ಉಂಟು ಎಂದು ಬಾಯಿಬಿಟ್ಟರೆ ದೃಷ್ಟಿಯಾಗುತ್ತದೆ ಎಂಬುದನ್ನು ಅಮ್ಮ ನನಗೆ ಅನ್ನದ ಜೊತೆಗೇ ಕಲಸಿ ಉಣ್ಣಿಸಿದ್ದಾಳೆ. ಹಾಗಾಗಿ ಐವತ್ತೆರಡು ವರ್ಷ ನನ್ನದೆಲ್ಲವನ್ನೂ ಹಳಿಯುತ್ತ ಸುಖವಾಗಿಯೇ ಇದ್ದೆ, ಜೀಪು ಬರುವವರೆಗೆ.

ಕೋಡಿಂಬಾಳದ ನಮ್ಮ ಮನೆಯ ಏರು ಕಂಡರೆ ಆಟೋದವರು ಕೆಳಗಿನಿಂದಲೇ ಕೈ ಮುಗಿಯುತ್ತಾರೆ. ಅದಕ್ಕೇ ನಾಲ್ಕೂ ಚಕ್ರಕ್ಕೆ ಎಳೆತವಿರುವ ಈ ಕೆಂಪು ಜೀಪನ್ನು ಕೊಂಡೆವು. ಕೆಸರಿನಲ್ಲಿ ಹೋಗಲೆಂದೇ ಮಾಡಿದ ಗಾಡಿಯನ್ನು ನಾನು ಕೆಸರು ಕಂಡಲ್ಲೆಲ್ಲ ಸುತ್ತು ಬಳಸಿ ಓಡಿಸುತ್ತೇನೆ, ಅಷ್ಟು ಪ್ರೀತಿ. ಹೆಂಡತಿ ಜಯಂತಿಗೂ ಅಷ್ಟೇ. ಈ ಭಾನುವಾರ ಸುಳ್ಯದಲ್ಲಿ ಅವಳ ತಮ್ಮನ ಹೊಸ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ. ವರ್ಷಗಟ್ಟಲೆ ಬಸ್ಸಿನಲ್ಲಿ ತವರಿಗೆ ಹೋದವಳು ಮೊದಲ ಬಾರಿಗೆ ಸ್ವಂತ ಜೀಪಿನಿಂದ ಅಂಗಳಕ್ಕೆ ಇಳಿಯುವವಳಿದ್ದಳು. ಅದಕ್ಕೆಂದೇ ಸೋಮವಾರ ಜೀಪನ್ನು ಪುತ್ತೂರಿನ ಷೋರೂಮಿಗೆ ಸರ್ವಿಸಿಗೆ ಬಿಟ್ಟೆ.

ಮರುದಿನ ತೊಳೆದು ಫಳಫಳ ಮಾಡಿ ಕೊಟ್ಟರು. ಮನೆಗೆ ತಂದರೆ ಎಡಗಡೆಯ ಬಾಗಿಲು ಪೆಟ್ಟಾಗಿ ತಗ್ಗು ಬಿದ್ದಿದೆ, ಎಷ್ಟು ಎಳೆದರೂ ತೆರೆಯುವುದಿಲ್ಲ.

"ಅಲ್ಲಿ ನೀವು ಈ ಬದಿ ನೋಡ್ಲೇ ಇಲ್ವಾ?" ಎಂದಳು ಜಯಂತಿ.

"ನಾನು ಕೂರುದು ಆ ಬದಿ ಅಲ್ವಾ?"

ಅವಳು ಸೀರೆ ಎತ್ತಿ ಹಿಡಿದು ನನ್ನ ಬದಿಯಿಂದ ಹತ್ತಿ, ಎರಡು ಗೇರು ಕೋಲುಗಳನ್ನು ದಾಟಿ ಕೂತು, ಹಾಗೆಯೇ ದಾಟಿ ಇಳಿದು ತೋರಿಸಿದಳು. "ಒಕ್ಕಲಿನ ಮನೆಯಲ್ಲಿ ಹೀಗೆ ಇಳಿದ್ರೆ ನನ್ನ ಅತ್ತಿಗೆಯವರಿಗೆ ವರ್ಷಕ್ಕಾಗುವಷ್ಟು ನಗೆ ಉಂಟು."

ಬುಧವಾರ ಇಬ್ಬರೂ ಪುತ್ತೂರಿಗೆ ಹೋದೆವು. ದಾರಿಯುದ್ದಕ್ಕೂ ಜಗಳದ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಮ್ಯಾನೇಜರು ನಮ್ಮ ಹತ್ತಿರದ ಪೆರಾಬೆ ಊರಿನವರು, ಸಮಾಧಾನದ ಮನುಷ್ಯ. ಒಂದು ಕಾಗದ ತೆಗೆದು ಮುಂದಿಟ್ಟರು. "ಸುತ್ತಲೂ ಪೆಟ್ಟು ಇದೆ, ಗ್ರಾಹಕರೇ ಹೇಳಿದ್ದು" ಎಂದು ಬರೆದಿತ್ತು. ಕೆಳಗೆ ನನ್ನ ಸಹಿ.

ನೆನಪಾಯಿತು. ಸೋಮವಾರ ಸರ್ವಿಸಿಗೆ ಗಾಡಿ ಬರೆದುಕೊಂಡಾಕೆ ಘಟ್ಟದ ಮೇಲಿನಿಂದ ಹೊಸತಾಗಿ ಬಂದವಳು. "ಗಾಡೀನ ತುಂಬಾ ಚೆನ್ನಾಗಿ ಇಟ್ಕೊಂಡಿದೀರಾ ಸರ್" ಎಂದಿದ್ದಳು. ನಾನು ಅಭ್ಯಾಸ ಬಲದಿಂದ "ಎಂತ ಚೆಂದ ಮಾರಾಯ್ತಿ, ಸುತ್ತ ಪೆಟ್ಟೇ" ಎಂದಿದ್ದೆ. ಆಕೆ ಪಾಪ, ಹೇಳಿದ್ದನ್ನು ಬರೆದುಕೊಂಡಿದ್ದಳು.

"ಹೇಳಿದ್ದು ಹೌದು. ಆದ್ರೆ ನಾವು ಹಾಗೆ ಹೇಳುದಲ್ವಾ?" ಎಂದೆ.

ಮ್ಯಾನೇಜರಿಗೆ ಅರ್ಥವಾಯಿತು. ಅವರೂ ನಮ್ಮವರೇ. "ಹಾಗಾದ್ರೆ ಗಾಡಿ ಹೇಗಿತ್ತು? ಸರಿಯಾಗಿ ಹೇಳಿ, ಬರೆದುಕೊಳ್ತೇನೆ."

ಸುತ್ತ ಕೂತವರೆಲ್ಲ ನನ್ನನ್ನೇ ನೋಡುತ್ತಿದ್ದರು. ಜಯಂತಿ ಮೊಣಕೈಯಿಂದ ತಿವಿದಳು.

"ಚೆಂದ ಇತ್ತು" ಎಂದೆ. ಒಮ್ಮೆ ಬಾಯಿ ತೆರೆದದ್ದೇ ತಡ, ನಿಲ್ಲಿಸಲಾಗಲಿಲ್ಲ. "ಒಂದು ಗೀರು ಇರ್ಲಿಲ್ಲ. ಬೆಳಿಗ್ಗೆ ಅದರ ಮುಖ ನೋಡಿಯೇ ನಾನು ಕಾಫಿ ಕುಡಿಯುದು. ಅಂಥ ಕೆಂಪು ಇಡೀ ಕಡಬದಲ್ಲಿ ಇಲ್ಲ ಮಾರಾಯ್ರೆ!" ಹೇಳುತ್ತ ಹೇಳುತ್ತ ನನಗೇ ಕಣ್ಣು ತುಂಬಿತು.

ಹಿಂದೆ ನಿಂತು ಕೇಳುತ್ತಿದ್ದ ಹಿರಿಯ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಮುಂದೆ ಬಂದ. "ಗಾಡಿ ರಿವರ್ಸ್ ತೆಗೆಯುವಾಗ ಕಂಬಕ್ಕೆ ತಾಗಿಸಿದ್ದು ನಾನೇ. ಸುತ್ತ ಪೆಟ್ಟು ಅಂತ ಬರೆದಿತ್ತಲ್ಲ, ಇದೂ ಅದರಲ್ಲಿ ಸೇರಿ ಹೋಗ್ಲಿ ಅಂತ ಸುಮ್ಮನಾದೆ." ಮ್ಯಾನೇಜರು ತಲೆ ತಗ್ಗಿಸಿದರು. ನನಗೆ ಸಿಟ್ಟು ಬರಲೇ ಇಲ್ಲ.

ಇವತ್ತು, ಶನಿವಾರ, ಬಾಗಿಲು ಸರಿಯಾಯಿತು. ಜಯಂತಿ ಅದನ್ನು ಮೂರು ಸಲ ತೆರೆದು ಹಾಕಿ ನೋಡಿ ತನ್ನ ಸೀಟಿನಲ್ಲಿ ಕೂತಳು. ಮನೆಗೆ ಮರಳುವ ದಾರಿಯಲ್ಲಿ ಕಾಣಿಯೂರು ದಾಟುವಾಗ ಕೇಳಿದಳು: "ನಿಮಗೆ ಹೊಗಳ್ಲಿಕ್ಕೆ ಬರ್ತದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಇಷ್ಟು ವರ್ಷ ನನ್ನ ಬಗ್ಗೆ ಕೇಳಿದವರಿಗೆ ಎಂತ ಹೇಳಿದ್ದೀರಿ?"

"ಎಂತ, ಇದ್ದಾಳೆ" ಎಂದೇ ಹೇಳುತ್ತ ಬಂದಿದ್ದೇನೆ. ಜೀಪಿಗಿಂತ ಅವಳ ಮೇಲೆ ನನಗೆ ಎಷ್ಟೋ ಪಾಲು ಹೆಚ್ಚು ಪ್ರೀತಿ, ಅದಕ್ಕೇ ಹೆದರಿಕೆಯೂ ಹೆಚ್ಚು.

"ನಿಂಗೆ ದೃಷ್ಟಿ ಆಗ್ಬಾರ್ದು ಅಂತ" ಎಂದೆ.

"ಆಗ್ಲಿ. ನಾಳೆ ಸುಳ್ಯದಲ್ಲಿ ನಾಲ್ಕು ಜನರ ಎದುರು ಬಾಯಿಬಿಟ್ಟು ಹೇಳಿ. ದೃಷ್ಟಿ ಆದ್ರೆ ನಾನು ನೋಡಿಕೊಳ್ತೇನೆ."

ಆಗಿನಿಂದ ಬಚ್ಚಲಿನ ಬಾಗಿಲು ಹಾಕಿಕೊಂಡು ಎರಡು ಸಲ ಅಭ್ಯಾಸ ಮಾಡಿದೆ. ಎರಡು ಸಲವೂ "ಒಂದು ಗೀರು ಇಲ್ಲ" ಎಂದೇ ಬಾಯಿಗೆ ಬಂತು.