ಕುಂಕುಮ ಹಚ್ಚಿದ ಹಾರ್ಡ್ ಡಿಸ್ಕ್

2009ರ ಫೆಬ್ರುವರಿಯಲ್ಲಿ ಕುಮಟಾದ ನಮ್ಮ ಮನೆಯ ದೇವರ ಕೋಣೆಯಲ್ಲಿ, ಇಂಟರ್‌ನೆಟ್‌ನಲ್ಲಿ ಕೊಂಡ ಒಂದು ಹಾರ್ಡ್ ಡಿಸ್ಕಿಗೆ ಪೂಜೆ ನಡೆಯಿತು. ಪೂಜೆಯಲ್ಲಿ ಯಾವ ಲೋಪವೂ ಆಗಲಿಲ್ಲ. ಹಾರ್ಡ್ ಡಿಸ್ಕ್ ಮಾತ್ರ ಹಾರ್ಡ್ ಡಿಸ್ಕ್ ಆಗಿರಲಿಲ್ಲ.

ನಾನು ಒಂದು ದಿನಪತ್ರಿಕೆಯ ಕುಮಟಾ ವರದಿಗಾರ. ಡಿಜಿಟಲ್ ಕ್ಯಾಮೆರಾ ಕೈಗೆ ಬಂದಾಗಿನಿಂದ ತೆಗೆದ ಫೋಟೋಗಳೆಲ್ಲ ಮನೆಯ ಕಂಪ್ಯೂಟರಿನಲ್ಲಿ ತುಂಬಿಕೊಂಡಿದ್ದವು. ಸೇತುವೆಯ ಶಿಲಾನ್ಯಾಸ, ಅದೇ ಸೇತುವೆಯ ಎರಡನೇ ಶಿಲಾನ್ಯಾಸ, ಯಾಣದ ದಾರಿಯಲ್ಲಿ ಕೆಟ್ಟು ನಿಂತ ಬಸ್ಸು, ಸನ್ಮಾನಗಳು, ಸನ್ಮಾನಿಸಿದವರಿಗೆ ಸನ್ಮಾನಗಳು. ಇವುಗಳ ನಡುವೆ ಅಘನಾಶಿನಿ ಊರಿನ ಈಶ್ವರನೆಂಬವನೂ ಇದ್ದ. ಹೊಳೆಯಲ್ಲಿ ಸೊಂಟದವರೆಗಿನ ನೀರಿಗಿಳಿದು ಬಳಚು ಎಂಬ ಚಿಪ್ಪುಮೀನು ಹೆಕ್ಕುವವರ ಬಗ್ಗೆ ಲೇಖನ ಬರೆದಾಗ ತೆಗೆದ ಫೋಟೋಗಳು. ಒಂದರಲ್ಲಿ ಆತ ಚಿಪ್ಪು ತುಂಬಿದ ಬುಟ್ಟಿಯನ್ನು ಎದೆಗೊತ್ತಿಕೊಂಡು ಬಾಯಿ ತುಂಬ ನಗುತ್ತಿದ್ದ. ಆತನ ಅಕ್ಕ ದೇವಿ ನಮ್ಮ ಮನೆಗೆ ಬಳಚು ತಂದು ಮಾರುವಾಕೆ. ತಾಯಿ ಇಲ್ಲದ ತಮ್ಮನನ್ನು ಎತ್ತಿ ಬೆಳೆಸಿದಾಕೆ.

ಕಂಪ್ಯೂಟರ್ ಎಷ್ಟು ತುಂಬಿತ್ತೆಂದರೆ, ಬಟನ್ ಒತ್ತಿ ಚಹಾ ಕುಡಿದು ಬಂದರೂ ಪರದೆಗೆ ಎಚ್ಚರವಾಗುತ್ತಿರಲಿಲ್ಲ. ಫೋಟೋಗಳನ್ನೆಲ್ಲ ಹೊರಗಿನ ಹಾರ್ಡ್ ಡಿಸ್ಕಿಗೆ ಸಾಗಿಸಿ, ಹಳೆಯದನ್ನು ಪೂರ್ತಿ ಅಳಿಸಿ, ಮತ್ತೆ ಹೊಸದರಂತೆ ಮಾಡುವುದೆಂದು ತೀರ್ಮಾನಿಸಿದೆ. ಇದರಲ್ಲಿ ತಪ್ಪೇನೂ ಇರಲಿಲ್ಲ. ತೀರ್ಮಾನಗಳಲ್ಲಿ ನಾನು ಎಂದೂ ತಪ್ಪುವವನಲ್ಲ!

ಭಟ್ಕಳದ ಪೇಟೆಯಲ್ಲಿ ನನ್ನ ಪರಿಚಯದ ಇಮ್ತಿಯಾಜ್ ಭಾಯಿಯ ಅಂಗಡಿ ಇತ್ತು. ಅಲ್ಲಿ ಎರಡು ಬಗೆಯ ಮಾಲು. ಯಾವುದು ಅಸಲಿ, ಯಾವುದು ನಕಲಿ ಎಂಬುದನ್ನು ಗಿರಾಕಿ ಕೇಳುವ ಮೊದಲೇ ಆತ ಹೇಳಿಬಿಡುತ್ತಿದ್ದ. ಆದರೆ ಅದಕ್ಕೂ ಸ್ವಲ್ಪ ಮೊದಲು ನಾನು ‘ನಕಲಿ ಮಾಲಿನ ಹಾವಳಿ: ಗ್ರಾಹಕರೇ ಎಚ್ಚರ’ ಎಂಬ ವರದಿ ಬರೆದಿದ್ದೆ. ಅಂಥ ಗಂಭೀರ ವರದಿ ಬರೆದವನು ನಕಲಿಯನ್ನೂ ಇಟ್ಟುಕೊಂಡ ಅಂಗಡಿಯ ಮೆಟ್ಟಿಲು ಹತ್ತುವುದು ವೃತ್ತಿಧರ್ಮಕ್ಕೆ ಒಪ್ಪುವಂಥದ್ದಲ್ಲ. ಹಾಗಾಗಿ ಇಂಟರ್‌ನೆಟ್‌ನ ಒಂದು ಮಾರಾಟ ತಾಣಕ್ಕೆ ಹೋದೆ. ಅಲ್ಲಿ ಮಾರುವವನ ಮುಖ ಕಾಣುವುದಿಲ್ಲವಾದ್ದರಿಂದ ಸಂಶಯಕ್ಕೆ ಆಸ್ಪದವೇ ಇರಲಿಲ್ಲ. ಕೊಂಡವರೆಲ್ಲ ಐದೈದು ನಕ್ಷತ್ರ ಕೊಟ್ಟಿದ್ದರು. ಡಿಸ್ಕಿನ ಮೇಲೆ ಕಾಮನಬಿಲ್ಲಿನಂತೆ ಹೊಳೆಯುವ ಹೊಲೊಗ್ರಾಮ್ ಇತ್ತು. ಅಸಲಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

ಕೊರಿಯರಿನವರು ಹೊನ್ನಾವರದವರೆಗೆ ಮಾತ್ರ ಬರುತ್ತಾರಂತೆ. ಬಸ್ಸಿನಲ್ಲಿ ಹೋಗಿ ಪೊಟ್ಟಣ ಬಿಡಿಸಿಕೊಂಡು, ಮಗು ಹಿಡಿದಂತೆ ಮಡಿಲಲ್ಲಿ ಹಿಡಿದು ತಂದೆ. ಗಟ್ಟಿ ತೂಕವಿತ್ತು. ಆ ತೂಕವೇ ನನಗೆ ಧೈರ್ಯ ಕೊಟ್ಟಿತು.

ಮನೆಗೆ ಬಂದು ತಂತಿ ಚುಚ್ಚಬೇಕೆನ್ನುವಷ್ಟರಲ್ಲಿ ಹೆಂಡತಿ ಶಾರದಾ ಅಡ್ಡ ಬಂದಳು. ನಮ್ಮಲ್ಲಿ ಮಿಕ್ಸರ್ ಇರಲಿ, ಮೋಟಾರ್ ಸೈಕಲ್ ಇರಲಿ, ಹೊಸತು ಬಂದರೆ ಕುಂಕುಮ ಹಚ್ಚದೆ ಚಾಲೂ ಮಾಡುವ ಪದ್ಧತಿಯಿಲ್ಲ. ಇದು ವಿದ್ಯುತ್ ಉಪಕರಣ, ಹಸಿ ತಾಗಬಾರದು ಎಂದೆ. ಫ್ರಿಜ್ಜೂ ವಿದ್ಯುತ್ತಿನದೇ ಅಲ್ಲವೇ ಎಂದು ಕೇಳಿದಳು. ಡಿಸ್ಕು ದೇವರ ಮುಂದೆ ಕೂತಿತು. ಕುಂಕುಮ, ಅರಿಸಿನ, ಗಂಧ ಮೂರೂ ಬಿದ್ದವು. ಹೂ ನಿಲ್ಲಲು ಬೇರೆ ಜಾಗವಿಲ್ಲದೆ ತಂತಿ ಚುಚ್ಚುವ ತೂತಿಗೇ ಸಿಕ್ಕಿಸಿದಳು. ಕುಂಕುಮದ ದೊಡ್ಡ ಬೊಟ್ಟು ಸರಿಯಾಗಿ ಹೊಲೊಗ್ರಾಮಿನ ಮೇಲೆ ಬಿತ್ತು. ಅಲ್ಲೇ ಬೀಳಬೇಕಾದ್ದೂ ನ್ಯಾಯ; ಇಡೀ ಪೆಟ್ಟಿಗೆಯಲ್ಲಿ ಹಣೆಯಂತೆ ಕಾಣುತ್ತಿದ್ದುದು ಅದೊಂದೇ.

ಫೋಟೋಗಳೆಲ್ಲ ಡಿಸ್ಕಿಗೆ ಹೋದವು. ಹೆಸರುಗಳೆಲ್ಲ ಸಾಲಾಗಿ ಕಂಡವು. ಖಚಿತಪಡಿಸಿಕೊಳ್ಳದೆ ಸುದ್ದಿ ಕಳಿಸುವವನಲ್ಲ ನಾನು. ಕೊನೆಯ ಫೋಟೋ ತೆರೆದು ನೋಡಿದೆ. ಪುರಸಭೆಯ ಹೊಸ ಕಸದ ಡಬ್ಬಿ ನಿಚ್ಚಳವಾಗಿ ಕಾಣಿಸಿತು. ತೃಪ್ತಿಯಾಯಿತು. ಕಂಪ್ಯೂಟರನ್ನು ಪೂರ್ತಿ ಅಳಿಸಿ ತಂತ್ರಾಂಶ ಹೊಸದಾಗಿ ತುಂಬಿಸಿದೆ. ಡಿಸ್ಕನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಕಳ್ಳರ ಭಯ ನೋಡಿ!

ಆ ಮಳೆಗಾಲದಲ್ಲಿ ಅಳಿವೆಯ ಬಾಯಲ್ಲಿ ದೋಣಿ ಮಗುಚಿ ಈಶ್ವರ ತೀರಿಕೊಂಡ. ದೇಹ ಸಿಗುವಾಗ ದಿನಗಳು ಕಳೆದಿದ್ದವು. ಮುಖ ನೋಡುವುದು ಬೇಡವೆಂದು ಹಿರಿಯರು ದೇವಿಯನ್ನು ಹತ್ತಿರ ಬಿಡಲಿಲ್ಲ. ಪತ್ರಿಕೆಗೆ ಸುದ್ದಿ ಕಳಿಸಿದವನು ನಾನೇ.

ಎರಡು ದಿನ ಬಿಟ್ಟು ಆಕೆ ನಮ್ಮ ಜಗಲಿಯ ಅಂಚಿನಲ್ಲಿ ಬಂದು ಕೂತಳು. ಬುಟ್ಟಿ ತಂದಿರಲಿಲ್ಲ. ಮನೆಯಲ್ಲಿ ತಮ್ಮನದೆಂದು ಇರುವುದು ಮತದಾರರ ಚೀಟಿಯ ಫೋಟೋ ಒಂದೇ, ಅದರಲ್ಲಿ ಅವನಿಗೂ ಪಕ್ಕದ ಮನೆಯ ಮುದುಕನಿಗೂ ಭೇದ ತಿಳಿಯುವುದಿಲ್ಲ ಎಂದಳು.

“ನೀವು ಹೊಳಿಗೆ ಬಂದಾಗ ತೆಗ್ದಿದ್ರಲ್ಲ ಒಡೆಯಾ, ನಗೂದು. ಅದು ಅದೆಯಾ?”

“ಅದೆ, ದೇವಿ. ನನ್ನ ಹತ್ರ ಇದ್ದದ್ದು ಎಲ್ಲಿಗೆ ಹೋಗ್ತದೆ? ಕಾರ್ಯದ ದಿವ್ಸಕ್ಕೆ ಬಾಗ್ಲಷ್ಟು ದೊಡ್ಡದು ಮಾಡ್ಸಿ ಕೊಡ್ತೆ.”

“ಬಾಗ್ಲಷ್ಟು ಬೇಡ. ಮುಖ ಕಂಡ್ರೆ ಆತು.”

ಆಕೆ ಹೋದ ಕೂಡಲೆ ಬೀಗ ತೆಗೆದೆ. ಹೆಸರುಗಳೆಲ್ಲ ಸಾಲಾಗಿ ಇದ್ದವು. ಈಶ್ವರನದನ್ನು ಒತ್ತಿದೆ. ತೆರೆಯಲಿಲ್ಲ. ಅದರ ಹಿಂದಿನದೂ ಇಲ್ಲ, ಮುಂದಿನದೂ ಇಲ್ಲ. ಸಾವಿರಾರು ಹೆಸರುಗಳಲ್ಲಿ ತೆರೆದುಕೊಂಡದ್ದು ಕಟ್ಟಕಡೆಗೆ ಹಾಕಿದ ಒಂದಷ್ಟು ಮಾತ್ರ. ಕಸದ ಡಬ್ಬಿ ಎಲ್ಲ ಕೋನಗಳಿಂದಲೂ ಕ್ಷೇಮವಾಗಿತ್ತು.

ಪತ್ರಿಕೆಯ ಕಚೇರಿಗೆ ಫೋನ್ ಮಾಡಿದೆ. ತಾಲೂಕುಗಳಿಂದ ಬಂದ ಫೋಟೋಗಳನ್ನು ತಿಂಗಳಿಗೊಮ್ಮೆ ಅಳಿಸುತ್ತೇವೆ ಎಂದರು. ಮಾರಾಟ ತಾಣದವರಿಗೆ ಫೋನ್ ಮಾಡಿದೆ. ಡಿಸ್ಕು ಅಸಲಿಯಾಗಿದ್ದರೆ ತಮ್ಮ ತಜ್ಞರು ಫೋಟೋಗಳನ್ನು ಹಿಂದೆ ತೆಗೆದುಕೊಡಬಹುದು, ಹೊಲೊಗ್ರಾಮಿನ ಚಿತ್ರ ಕಳಿಸಿ ಎಂದು ಹಿಂದಿಯಲ್ಲಿ ಹೇಳಿದರು. ಜೀವ ಬಂತು. ಕುಂಕುಮ ಬಳಿದ ಡಿಸ್ಕಿನ ಚಿತ್ರ ಕಳಿಸಿದೆ. ಕೆಂಪು ವಸ್ತುವನ್ನು ತೆಗೆದು ಮತ್ತೆ ಕಳಿಸಿ ಎಂದು ಉತ್ತರ ಬಂತು. ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿದೆ. ಕುಂಕುಮ ಉಳಿಯಿತು. ಹೊಲೊಗ್ರಾಮ್ ಬಟ್ಟೆಗೆ ಬಂತು!

ಅದರದೂ ಚಿತ್ರ ಕಳಿಸಿದೆ, ಪ್ರಾಮಾಣಿಕನಾದ್ದರಿಂದ. ಸದರಿ ವಸ್ತುವಿನ ಮೇಲೆ ಕೆಂಪು ಹಾಗೂ ಹಳದಿ ಪದಾರ್ಥ ಕಂಡುಬಂದಿದೆ, ತೂತಿನಲ್ಲಿ ಸಸ್ಯದ ಅವಶೇಷವಿದೆ, ಗುರುತಿನ ಚೀಟಿಯನ್ನು ಗ್ರಾಹಕರೇ ಕಿತ್ತಿದ್ದಾರೆ, ಆದ ಕಾರಣ ತಮ್ಮ ಜವಾಬ್ದಾರಿ ಇಲ್ಲ ಎಂದು ಪತ್ರ ಬಂತು. ಓದಿ ಹೇಳಿದೆ. ಶಾರದಾ ಕೆಂಡವಾದಳು.

“ಕುಂಕುಮ ಹಚ್ಚಿದ್ದಕ್ಕೆ ಹಾಳಾತು ಹೇಳ್ತ್ರಾ? ಹಾಗಾದ್ರೆ ಈ ರಸ್ತೆಲಿ ಒಂದು ಲಾರಿನೂ ಓಡೂಕಾಗಿತ್ತಿಲ್ಲ.”

ನಾನು ಲಾರಿಯ ವಿಷಯವನ್ನೂ ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ. ಉತ್ತರ ಬರಲಿಲ್ಲ. ಆ ಮಾರಾಟಗಾರನ ಹೆಸರೇ ತಾಣದಿಂದ ಮಾಯವಾಗಿತ್ತು. ನಕ್ಷತ್ರಗಳೂ ಅವನ ಜತೆಗೇ ಹೋಗಿದ್ದವು.

ಕೊನೆಗೆ ವೃತ್ತಿಧರ್ಮವನ್ನು ಬಸ್ ನಿಲ್ದಾಣದಲ್ಲಿ ಬಿಟ್ಟು ಭಟ್ಕಳದ ಮೆಟ್ಟಿಲು ಹತ್ತಿದೆ. ಇಮ್ತಿಯಾಜ್ ಭಾಯಿ ಡಿಸ್ಕನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ತಿರುಪು ತೆಗೆದು ಮುಚ್ಚಳ ಎತ್ತಿದ. ಒಳಗೆ ಒಂದು ಸಣ್ಣ ಪೆನ್ ಡ್ರೈವ್ ಇತ್ತು. ಅದರ ಎರಡೂ ಪಕ್ಕ, ತೂಕಕ್ಕೆಂದು ಗೋಂದಿನಿಂದ ಅಂಟಿಸಿದ ದಪ್ಪನೆಯ ಕಬ್ಬಿಣದ ನಟ್ಟುಗಳು. ಹೊನ್ನಾವರದಿಂದ ನಾನು ಮಡಿಲಲ್ಲಿಟ್ಟು ತಂದದ್ದು ಅವನ್ನು. ನಾವು ದೀಪ ಎತ್ತಿದ್ದು ಅವಕ್ಕೆ.

ನನ್ನ ‘ಗ್ರಾಹಕರೇ ಎಚ್ಚರ’ವನ್ನು ಆತ ಓದಿದ್ದ. ಅದರ ಮಾತೆತ್ತಲಿಲ್ಲ. ಚಹಾ ತರಿಸಿದ. ಅದು ಇನ್ನೂ ಕಷ್ಟವಾಯಿತು. ಫೋಟೋ ಹಿಂದೆ ಬರುವ ದಾರಿ ಏನಾದರೂ ಇದೆಯೇ ಎಂದು ಕೇಳಿದೆ.

“ಹಿಂದೆ ಬರೂದು ಎಂತ ಸಾಹೇಬ್ರೆ? ಜಾಗ ಇದ್ದದ್ದೇ ಇಷ್ಟು. ಹೊಸದು ಬಂದ ಹಾಗೆ ಹಳೇದರ ಮೇಲೇ ಬರ್ಕೊಂಡು ಹೋಗಿದೆ. ಹೆಸರು ಮಾತ್ರ ಉಳಿಸ್ಕೊಂಡಿದೆ.” ತಿರುಪುಗಳನ್ನು ಒಟ್ಟು ಮಾಡುತ್ತ ಕೇಳಿದ: “ಯಾರ ಫೋಟೋ?”

ಹೇಳಿದೆ. ಆತ ಮುಚ್ಚಳ ಹಾಕಿ ತಿರುಪು ಬಿಗಿದುಕೊಟ್ಟ.

ಕಾರ್ಯದ ಹಿಂದಿನ ದಿನ ಅಘನಾಶಿನಿಗೆ ಹೋದೆ. ದೇವಿಗೆ ಹಾರ್ಡ್ ಡಿಸ್ಕ್, ಪೆನ್ ಡ್ರೈವ್, ನಕಲಿ ಜಾಲ ಎಲ್ಲವನ್ನೂ ಕ್ರಮವಾಗಿ ವಿವರಿಸಿದೆ. ಪತ್ರಿಕಾಗೋಷ್ಠಿಯಲ್ಲಿ ನಾನು ಬಹಳ ಜನರ ಇಂಥ ವಿವರಣೆ ಕೇಳಿದ್ದೇನೆ. ಕೊಡುವುದು ಅದೇ ಮೊದಲು. ಆಕೆ ಕೊನೆಯವರೆಗೂ ಕೇಳಿದಳು.

“ಅಂದ್ರೆ ನಗೂದು ಇಲ್ಲ.”

“ಇಲ್ಲ.”

“ಪೇಪರಲ್ಲಿ ಬಂದಿತ್ತಲ್ಲ, ಅದು?”

ಅದಿತ್ತು. ನನ್ನ ಲೇಖನಗಳನ್ನೆಲ್ಲ ಕತ್ತರಿಸಿ ಇಡುವ ಅಭ್ಯಾಸ ನನಗಿದೆ. ಆದರೆ ಪತ್ರಿಕಾ ಕಚೇರಿಯ ಡೆಸ್ಕಿನವರು ಆರಿಸಿದ್ದು ನಗುವ ಫೋಟೋವನ್ನಲ್ಲ. ಬುಟ್ಟಿ ಎಲ್ಲಕ್ಕಿಂತ ಚೆನ್ನಾಗಿ ಕಾಣುವ ಫೋಟೋವನ್ನು. ಸುದ್ದಿ ಬಳಚಿನದು, ಮನುಷ್ಯನದಲ್ಲ. ಕಪ್ಪುಬಿಳುಪು, ಹೆಬ್ಬೆರಳಿನ ಉಗುರಿನಷ್ಟು ಮುಖ, ಕಣ್ಣಿನ ಮೇಲೆ ಬುಟ್ಟಿಯ ನೆರಳು. ಅದನ್ನೇ ನಾನೂ ದೇವಿಯೂ ಕುಮಟಾದ ಸ್ಟುಡಿಯೋದಲ್ಲಿ ಕೊಟ್ಟು ದೊಡ್ಡದು ಮಾಡಿಸಿದೆವು. ಮುಖ ದೊಡ್ಡದಾಗಲಿಲ್ಲ. ಮುದ್ರಣದ ಚುಕ್ಕಿಗಳು ದೊಡ್ಡದಾದವು.

ಫೋಟೋದ ಕೆಳಗೆ ಪತ್ರಿಕೆಯ ಪದ್ಧತಿಯಂತೆ ತೆಗೆದವನ ಹೆಸರಿನ ಒಂದು ಸಾಲಿತ್ತು. ಚೌಕಟ್ಟು ಹಾಕುವಾಗ ಆ ಪಟ್ಟಿಯನ್ನು ಕತ್ತರಿಸಿಬಿಡಿ ಎಂದು ಸ್ಟುಡಿಯೋದವನಿಗೆ ಹೇಳಿದೆ. ದೇವಿಗೆ ಓದಲು ಬರುವುದಿಲ್ಲ. ಕತ್ತರಿ ಕಂಡು ಕೈ ಅಡ್ಡ ಹಿಡಿದಳು.

“ಇದ್ದದ್ದು ಇಷ್ಟೇ. ಇನ್ನೆಂತದೂ ತೆಗೀಬೇಡಿ.”

ಕತ್ತರಿಸಲಿಲ್ಲ. ಅದು ಆಕೆಯ ಮನೆಯ ಗೋಡೆಯ ಮೇಲಿದೆ. ದಿನವೂ ಹೂ ಏರುತ್ತದೆ. ಮೊನ್ನೆ ಆ ಕೇರಿಗೆ ಹೊಸದಾಗಿ ಬಂದ ಅಂಗನವಾಡಿ ಟೀಚರು ಚೌಕಟ್ಟಿನ ಮುಂದೆ ನಿಂತು, ಕೆಳಗಿನ ಅಕ್ಷರ ಓದಿ, ವಿಠ್ಠಲ ನಾಯ್ಕರು ತೀರಿಕೊಂಡು ಎಷ್ಟು ವರ್ಷ ಆತು ಎಂದು ದೇವಿಯನ್ನು ಕೇಳಿದರಂತೆ.

ವಿಠ್ಠಲ ನಾಯ್ಕ ಎಂಬುದು ನನ್ನ ಹೆಸರು.